ಚೀಟಿ ಓದುವಾಗ ಕಣ್ಣು ಮುಚ್ಚಬೇಕು

ನಲವತ್ತೇಳನೆಯ ಟೋಕನ್ನಿನವರು ಬನ್ನಿ ಎಂದು ಕೂಗಿ ಆಸ್ಪತ್ರೆಯ ಔಷಧಿ ಕೌಂಟರಿನ ಕಿಂಡಿಯಿಂದ ಕೈ ಚಾಚಿದವಳಿಗೆ, ಮೂರನೆಯ ಬೆಂಚಿನಿಂದ ಮೊಣಕಾಲಿಗೆ ಕೈಯೂರಿ ಏಳುತ್ತಿರುವವರು ತನ್ನ ಪ್ರಾರ್ಥನಾ ಸಭೆಯ ಹೆಡ್‌ಮಾಸ್ಟರ್ ಹಿರಿಯರೆಂದು ಕಂಡಾಗ ಕೈ ಅಲ್ಲೇ ನಿಂತಿತು. ಈ ನಾಲ್ಕು ವರ್ಷಗಳಲ್ಲಿ ಆ ಮುದುಕರು ಅವಳ ಕಲ್ಪನೆಯಲ್ಲಿ ಎಷ್ಟು ಸಲ, ಎಷ್ಟು ಬಗೆಯಲ್ಲಿ ಬಂದು ಹೋಗಿದ್ದರೋ. ಒಮ್ಮೆ ಸಭಾಮನೆಯ ವೇದಿಕೆಯ ಮೇಲೆ ನಿಂತು ಎಲ್ಲರೆದುರು ಅವಳ ಹೆಸರು ಹಿಡಿದು ತಪ್ಪಾಯಿತು ಎಂದಿದ್ದರು. ಒಮ್ಮೆ ಅವಳ ಮನೆಯ ಬಾಗಿಲವರೆಗೆ ಬಂದು ಕರೆಗಂಟೆ ಒತ್ತಲೋ ಬೇಡವೋ ಎಂದು ನಿಂತಿದ್ದರು. ಇನ್ನೊಂದು ಬಗೆಯೂ ಇತ್ತು. ಅದನ್ನು ನೆನೆದಾಗಲೆಲ್ಲ ಅವಳು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು, ಆದರೂ ಪಾತ್ರೆ ತೊಳೆಯುವಾಗಲೋ ಬಸ್ಸಿನಲ್ಲಿ ಕೂತಾಗಲೋ ಅದು ತಾನಾಗಿ ಬಂದುಬಿಡುತ್ತಿತ್ತು: ಹಿರಿಯರು ಇದೇ ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾರೆ, ಮಾತು ನಿಂತಿದೆ, ಕಣ್ಣಲ್ಲಿ ನೀರು, ಅವಳು ಅವರ ಕೈ ಹಿಡಿದು, ನಾನು ಎಂದೋ ಕ್ಷಮಿಸಿದ್ದೇನೆ ಹಿರಿಯರೇ, ಎನ್ನುತ್ತಾಳೆ. ಆ ವಾಕ್ಯವನ್ನು ಅವಳು ತಿದ್ದಿ ತೀಡಿ ಇಟ್ಟುಕೊಂಡಿದ್ದಳು. ಅದರಲ್ಲಿ ಎಂದೋ ಎಂಬ ಮಾತು ಬಹಳ ಯೋಚಿಸಿ ಸೇರಿಸಿದ್ದು. ಆದರೆ ಯಾವ ಕಲ್ಪನೆಯಲ್ಲೂ ಅವರು ಹೀಗೆ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಇರುಕಿಕೊಂಡು, ಟೋಕನ್ನನ್ನು ಕಣ್ಣ ಹತ್ತಿರ ಹಿಡಿದು, ನಲವತ್ತೇಳು ತಾನೆ ಎಂದು ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಂಡು ಬಂದಿರಲಿಲ್ಲ.

ಚೀಲದಲ್ಲಿ ಅರ್ಧ ಕತ್ತರಿಸಿದ ಮಾತ್ರೆಯ ಹಾಳೆಗಳಿದ್ದವು, ಮುಚ್ಚಳ ತೆರೆಯದ ಎರಡು ಬಾಟಲಿ ಸಿರಪ್ಪು ಇತ್ತು. ಹಿರಿಯರ ಹೆಂಡತಿ, ಸಭೆಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದಾಕೆ, ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಹಾಳೆಗಳನ್ನೆಲ್ಲ ಇವಳೇ ಕತ್ತರಿಸಿ ಕೊಟ್ಟದ್ದು. ಕೊನೆಯ ಆರು ತಿಂಗಳು ಹಿರಿಯರ ತಮ್ಮನ ಮಗಳು ವಾರಕ್ಕೊಮ್ಮೆ ಬಂದು ಒಯ್ಯುತ್ತಿದ್ದಳು, ಹಿರಿಯರು ಮಾತ್ರ ಈ ಕೌಂಟರಿನ ಕಡೆ ತಲೆ ಹಾಕುತ್ತಿರಲಿಲ್ಲ. ಬಿಳಿಯ ಮಾತ್ರೆ ಹೋಗಿ ಹಳದಿ ಬಂತು, ಒಂದಿದ್ದದ್ದು ಎರಡಾಯಿತು, ಕಡೆಗೆ ನೋವಿನದು ಮಾತ್ರ ಉಳಿಯಿತು. ಹಾಗೆ ಕತ್ತರಿಸಿ ಕೊಡುತ್ತಲೇ ರೋಗ ಎಲ್ಲಿಗೆ ಬಂತೆಂದು ಅವಳು ಅಳೆಯುತ್ತಿದ್ದಳು. ಅಳೆಯುವಾಗ ಒಳಗೊಂದು ಪಿಸುದನಿ, ಮೇಲಿರುವ ಅವನು ನೋಡುತ್ತಿದ್ದಾನೆ ಕಣೇ, ಎನ್ನುತ್ತಿತ್ತು. ಅವಳು ಅದರ ಬಾಯಿ ಬಡಿದು ಕೂರಿಸುತ್ತಿದ್ದಳು. ಅದು ಮಾನಗೆಟ್ಟದ್ದು, ಮುಂದಿನ ವಾರ ಮತ್ತೆ ಎದ್ದು ಕೂರುತ್ತಿತ್ತು.

ಇವು ಉಳಿದಿವೆ, ಯಾರಿಗಾದರೂ ಆಗುತ್ತವಾ ನೋಡಿ, ಎಂದರು ಹಿರಿಯರು. ನೋಡಿ ಎಂದದ್ದು ಅವಳ ಕಿವಿಗೆ ಬಿತ್ತು. ನಾಲ್ಕು ವರ್ಷದ ಹಿಂದೆ ಸಭಾಮನೆಯ ಪಕ್ಕದ ಕೋಣೆಯಲ್ಲಿ ನಿಲ್ಲಿಸಿಕೊಂಡು ಕೇಳಿದಾಗ ನೀನು, ನಿನ್ನ ಎಂದೇ ಮಾತಾಡಿದ್ದರು. ಹೊರಗೆ ಹೋದ ಔಷಧಿಯನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲವೆಂದು ಅವಳು ಕೌಂಟರಿನ ದನಿಯಲ್ಲೇ ಹೇಳಿದಳು. ದಿನಕ್ಕೆ ನಾಲ್ಕು ಸಲ ಹೇಳುವ ಮಾತು ಅದು. ಸತ್ತವರ ಮನೆಯವರಿಗೆ ಮಾತ್ರೆ ಬಿಸಾಡಲು ಕೈ ಬರುವುದಿಲ್ಲ, ಅದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಹಿರಿಯರು ಚೀಲವನ್ನೂ ಎತ್ತಿಕೊಳ್ಳಲಿಲ್ಲ, ಸರಿಯಲೂ ಇಲ್ಲ. ಹಿಂದೆ ನಲವತ್ತೆಂಟನೆಯವನು ಕೆಮ್ಮಿದ. ನಿಮ್ಮ ಹತ್ತಿರ ಒಂದು ಮಾತಿತ್ತು ಎಂದು ಹಿರಿಯರು ಕಿಂಡಿಗೆ ಬಾಗಿ ಹೇಳಿದರು. ಪಕ್ಕದ ಕುರ್ಚಿಯ ಜೊತೆಗಾತಿ ತಲೆಯೆತ್ತದೆ, ಹೋಗಿಬನ್ನಿ ಅಕ್ಕಾ, ನಾನಿದೀನಲ್ಲ, ಎಂದಳು. ನೆಪ ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಹೋಯಿತು.

ಸ್ಟೋರ್ ರೂಮಿನಲ್ಲಿ ಎದೆಮಟ್ಟಕ್ಕೆ ಡಬ್ಬಗಳು, ನಡುವೆ ಒಬ್ಬರು ನಡೆಯುವಷ್ಟು ಜಾಗ, ಒಂದೇ ಸ್ಟೂಲು. ಅದನ್ನು ಅವರ ಕಡೆ ತಳ್ಳಿ ಅವಳು ನಿಂತೇ ಇದ್ದಳು. ಆವತ್ತೂ ಹೀಗೇ, ಅವರು ಮೂವರು ಹಿರಿಯರು ಕೂತಿದ್ದರು, ಅವಳು ನಿಂತಿದ್ದಳು, ಕೂರಲು ಯಾರೂ ಹೇಳಿರಲಿಲ್ಲ. ಆ ಚೀಟಿಯ ಅಕ್ಷರ ಗುರುತು ಸಿಕ್ಕಿದ್ದು ನಿಜ ತಾನೆ ಎಂದು ಕೇಳಿದ್ದರು. ನಿಜ ಎಂದಿದ್ದಳು. ಯಾರಿಗೂ ಹೇಳಿಲ್ಲವೆಂದೂ ಹೇಳಿದ್ದಳು. ಹೇಳದೆ ಮತ್ತೆ ಗಾಳಿಗೆ ಗೊತ್ತಾಯ್ತಾ, ಎಂದು ಹೆಡ್‌ಮಾಸ್ಟರ್ ಹಿರಿಯರು ಉತ್ತರ ತಪ್ಪಿದ ಹುಡುಗಿಯನ್ನು ನೋಡುವಂತೆ ನೋಡಿದ್ದರು. ಕೊನೆಗೆ, ಇದೂ ದೇವರ ಚಿತ್ತ ಅಂತ ತಿಳ್ಕೋ, ಎಂದು ಚೀಟಿ ಪೆಟ್ಟಿಗೆಯ ಬೀಗದಕೈಗಾಗಿ ಕೈ ಚಾಚಿದ್ದರು. ಅವಳು ಕೊಟ್ಟುಬಿಟ್ಟಿದ್ದಳು.

ಆ ಸಭೆಯವರದೊಂದು ಪದ್ಧತಿಯಿತ್ತು. ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ. ಮನಸ್ಸಿನ ಭಾರ ಯಾರಿಗೂ ಹೇಳಿಕೊಳ್ಳಲಾಗದವರು ಚೀಟಿಯಲ್ಲಿ ಬರೆದು, ಹೆಸರು ಹಾಕದೆ, ಅದರೊಳಗೆ ಬಿಡುತ್ತಿದ್ದರು. ಭಾನುವಾರ ಹಿರಿಯರು ಒಂದೊಂದಾಗಿ ಓದುತ್ತಿದ್ದರು, ಎಲ್ಲರೂ ಅವರಿಗಾಗಿ ಪ್ರಾರ್ಥಿಸುತ್ತಿದ್ದರು. ಓದುವಾಗ ಎಲ್ಲರೂ ಕಣ್ಣು ಮುಚ್ಚಿರಬೇಕು, ಯಾರ ಮುಖ ಬಾಡಿತು ಯಾರ ಕಿವಿ ಕೆಂಪಾಯಿತು ಎಂದು ಯಾರೂ ನೋಡಬಾರದು. ಹಿರಿಯರು ಅರ್ಧ ಸಭೆಗೆ ಅಕ್ಷರ ಕಲಿಸಿದವರು, ಅಸಲು ಚೀಟಿ ಕಂಡರೆ ಕೊಂಬು ನೋಡಿಯೇ ಇಂಥವನದೆಂದು ಹೇಳಿಬಿಡುತ್ತಿದ್ದರು. ಅದಕ್ಕಾಗಿ ಒಬ್ಬರು ಶನಿವಾರ ಪೆಟ್ಟಿಗೆಯನ್ನು ಮನೆಗೆ ಒಯ್ದು, ಎಲ್ಲ ಚೀಟಿಗಳನ್ನೂ ತಮ್ಮ ಅಕ್ಷರದಲ್ಲಿ ನಕಲು ಮಾಡಿ, ಅಸಲನ್ನು ಸುಟ್ಟುಬಿಡಬೇಕು. ಡಾಕ್ಟರುಗಳ ಅಕ್ಷರವನ್ನೇ ಓದುವವಳೆಂದು ಅವಳನ್ನು ಆರಿಸಿದ್ದರು. ಅವಳ ಹೆಸರನ್ನು ಸೂಚಿಸಿದ್ದು ಸಭೆಯಲ್ಲಿ ಹಾಡಿಸುತ್ತಿದ್ದ ಹಾಡಿನ ಟೀಚರ್. ಅವಳಿಗೆ ಮಾತ್ರೆಯಕ್ಕ ಎಂದು ಹೆಸರಿಟ್ಟವರೂ ಅವರೇ. ಓದಿ ಮರೆಯೋದು ಅಂದ್ರೆ ನಮ್ಮ ಮಾತ್ರೆಯಕ್ಕನಿಂದ ಮಾತ್ರ ಸಾಧ್ಯ, ಬೀದಿಯವರ ಕಾಯಿಲೆಯೆಲ್ಲ ಗೊತ್ತಿದ್ದೂ ಎಲ್ಲರಿಗೂ ಒಂದೇ ಥರ ನಗ್ತಾರೆ, ಎಂದಿದ್ದರು.

ಚೀಟಿ ಹಾಕುವವರ ಕಳ್ಳಾಟ ನೋಡಿದರೆ ನಗು ಬರುತ್ತಿತ್ತು. ಒಬ್ಬರು ಎಡಗೈಯಲ್ಲಿ ಬರೆಯುತ್ತಿದ್ದರು, ಅಕ್ಷರಗಳೆಲ್ಲ ಬಿದ್ದು ಎದ್ದು ಬಂದ ಹಾಗೆ ಇರುತ್ತಿದ್ದವು. ಒಬ್ಬರು ಮೊಮ್ಮಗಳ ಕೈಯಲ್ಲಿ ಬರೆಸಿ, ನನ್ನ ಸೊಸೆಗೆ ಒಳ್ಳೆಯ ಬುದ್ಧಿ ಕೊಡು ಎಂದು ಆ ಮಗುವಿನಿಂದ ತನ್ನ ತಾಯಿಯ ಮೇಲೇ ಚಾಡಿ ಹೇಳಿಸುತ್ತಿದ್ದರು. ಅವಳು ಎಲ್ಲವನ್ನೂ ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಬರೆದು, ಒಲೆಗೆ ಹಾಕಿ, ಮರೆಯುತ್ತಿದ್ದಳು. ಆ ಶನಿವಾರದ ಚೀಟಿ ಮಾತ್ರ ಮರೆವಿಗೆ ಸಿಗಲಿಲ್ಲ. ಆರು ತಿಂಗಳಿಂದ ನನಗೆ ದೇವರಿದ್ದಾನೆ ಅನ್ನಿಸುತ್ತಿಲ್ಲ, ಬಾಯಿ ಮಾತ್ರ ಆಡುತ್ತಿದೆ, ಯಾರಿಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ದುಂಡು ದುಂಡು ಅಕ್ಷರ, ಸಾಲು ಒಂದಿಷ್ಟೂ ಓರೆಯಿಲ್ಲ. ಪ್ರತಿ ಭಾನುವಾರ ಹಾಡಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕಾಣುತ್ತಿದ್ದದ್ದು ಅದೇ ಅಕ್ಷರ, ಟೀಚರದು. ಎಷ್ಟು ಎಚ್ಚರಗೇಡಿ ಹೆಂಗಸು ಎಂದುಕೊಂಡಿದ್ದಳು. ಗುರುತಾಗದ ಹಾಗೆ ಬರೆಯುವಷ್ಟೂ ಜಾಣತನವಿಲ್ಲವೇ ಎಂದುಕೊಂಡು ನಕಲು ಮಾಡಿ ಸುಟ್ಟಿದ್ದಳು.

ಎರಡು ವಾರದಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಹಾಡಿಸುವಾಕೆಗೇ ನಂಬಿಕೆ ಇಲ್ಲವಂತೆ ಎಂದು ಉಪ್ಪು ಖಾರ ಹಚ್ಚಿ ಮಾತಾಡಿದರು. ಟೀಚರ್ ಮುಂದೆ ಕೂತು ಹಾಡಿಸುವುದು ನಿಂತಿತು. ಅವರ ಜೊತೆ ಪ್ರಾರ್ಥಿಸಲೆಂದು ಇಬ್ಬರು ಹೆಂಗಸರು ಮನೆಗೆ ಹೋಗಿ, ಮನೆಯಲ್ಲಿ ಏನೇನಿದೆ ಏನೇನಿಲ್ಲ ಎಂಬುದನ್ನೂ ನೋಡಿಕೊಂಡು ಬಂದರು. ತಿಂಗಳೊಳಗೆ ಟೀಚರ್ ಮನೆ ಖಾಲಿ ಮಾಡಿ ಅಕ್ಕನ ಊರಿಗೆ ಹೋದರು. ಉಳಿದವಳು ಇವಳು. ಇವಳನ್ನು ಯಾರೂ ಸಭೆಯಿಂದ ಹೊರಗೆ ಹಾಕಲಿಲ್ಲ, ಬಾಯಿಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಹೋಗಿಬನ್ನಿ ಎನ್ನುವ ಹೊತ್ತಿಗೆ ಮಾತ್ರ ಅವಳ ಅಕ್ಕಪಕ್ಕದವರ ಎರಡು ಕೈಯಲ್ಲೂ ಹಾಡಿನ ಪುಸ್ತಕದ ಅಟ್ಟಿ ಇರುತ್ತಿತ್ತು. ಸಭಾಮನೆ ಗುಡಿಸುವ ಸರದಿಯ ಪಟ್ಟಿಯಲ್ಲಿ ಅವಳ ಹೆಸರು ಬರುವುದು ನಿಂತಿತು. ಕಸ ಗುಡಿಸುವುದಕ್ಕೂ ಬೇಡವಾದೆನಲ್ಲ ಎಂದು ಅವಳಿಗೆ ಅಳು ಬಂದದ್ದು ಅದೊಂದೇ ಸಲ. ಒಂದು ಭಾನುವಾರ ದೊಡ್ಡಮ್ಮನೇ ಎದ್ದು ನಿಂತು, ನಾಲಗೆ ಹಿಡಿತದಲ್ಲಿ ಇಲ್ಲದವರಿಗಾಗಿ ಪ್ರಾರ್ಥಿಸೋಣ, ಎಂದಿದ್ದರು. ಅವಳೂ ಎಲ್ಲರ ಜೊತೆ ಕಣ್ಣು ಮುಚ್ಚಿ ತನ್ನ ನಾಲಗೆಗಾಗಿ ಪ್ರಾರ್ಥಿಸಬೇಕಾಯಿತು.

ಬಿಟ್ಟು ಬಾ ಎಂದು ಗಂಡ ಎಷ್ಟೋ ಸಲ ಹೇಳಿದ. ಅವನು ಲಿಫ್ಟ್ ರಿಪೇರಿಯವನು, ಸಭಾಮನೆಯ ಹೊಸ್ತಿಲು ತುಳಿಯದವನು. ಅವಳು ಬಿಡಲಿಲ್ಲ. ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಜಗಳವಾಡಲಿಲ್ಲ, ಯಾರ ಮನೆಗೂ ಹೋಗಿ ನ್ಯಾಯ ಕೇಳಲಿಲ್ಲ. ದೇವರಿಗೆ ಗೊತ್ತಿದೆ, ಎಲ್ಲ ಅವನ ಕೈಯಲ್ಲಿದೆ, ಅವನು ನೋಡಿಕೊಳ್ಳುತ್ತಾನೆ, ಎನ್ನುತ್ತಿದ್ದಳು. ಅದು ಬರೀ ಬಾಯಿಮಾತಾಗಿರಲಿಲ್ಲ. ನಿಜಕ್ಕೂ ನಂಬಿದ್ದಳು, ಆ ನಂಬಿಕೆ ಇಲ್ಲದಿದ್ದರೆ ಆ ನಾಲ್ಕು ವರ್ಷ ದಾಟುತ್ತಲೇ ಇರಲಿಲ್ಲ. ಆದರೆ ಅದರೊಳಗೆ ಇನ್ನೊಂದು ಸೇರಿಕೊಂಡಿತ್ತು. ಕಾಗದಪತ್ರವನ್ನೆಲ್ಲ ದೊಡ್ಡ ಕೋರ್ಟಿಗೆ ಒಪ್ಪಿಸಿ ಬಂದವರ ಗತ್ತು ಅದು. ನಿನ್ನ ದೇವರ ಕೋರ್ಟಿನಲ್ಲಿ ಬರೀ ವಾಯಿದೆ ಮೇಲೆ ವಾಯಿದೆ ಕಣೇ ಎಂದು ಗಂಡ ಛೇಡಿಸಿದರೆ ಅವಳು ನಗುತ್ತಿದ್ದಳು. ತೀರ್ಪು ತನ್ನ ಕಡೆಗೇ ಎಂದು ಗೊತ್ತಿದ್ದವರ ನಗು.

ಹಿರಿಯರು ಸ್ಟೂಲಿನ ಮೇಲೆ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡರು. ಬೆರಳಿನಿಂದ ಅದನ್ನು ಒತ್ತುತ್ತಿದ್ದರು, ಒಳಗಿನ ಹಾಳೆಗಳು ಚರಚರ ಎನ್ನುತ್ತಿದ್ದವು. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ್ದು, ಅವರೇ ಹೊಲಿದುಕೊಂಡಿರಬೇಕು.

"ನಮ್ಮವಳು ತೀರಿಹೋಗೋಕೆ ಮೂರು ದಿನ ಮೊದಲು ಹೇಳಿದಳು. ಆ ವಿಷಯ ಹೊರಗೆ ಹೋಗಿದ್ದು ನಮ್ಮ ಮನೆಯಿಂದ. ಅವಳೇ ಇಬ್ಬರಿಗೆ ಹೇಳಿದ್ದಂತೆ."

ಬಂತು, ಎಂದಿತು ಅವಳ ಎದೆ. ಡಬ್ಬಗಳ ಮೇಲಿನ ಕಿಟಕಿಯಿಂದ ಬಿಸಿಲು ಎಂದಿನಂತೆಯೇ ಬೀಳುತ್ತಿತ್ತು, ಹೊರಗೆ ಜೊತೆಗಾತಿ ಐವತ್ತೆರಡು ಎಂದು ಕೂಗುತ್ತಿದ್ದಳು. ಅವನು ಮರೆತಿರಲಿಲ್ಲ, ತಡ ಮಾಡಿದನೇ ಹೊರತು ಮರೆತಿರಲಿಲ್ಲ ಎಂದು ಮನಸ್ಸು ಕುಣಿಯಿತು. ಆ ಕುಣಿತದಲ್ಲಿ ಸತ್ತವಳ ಬಗ್ಗೆ ಒಂದು ತೊಟ್ಟು ಕನಿಕರವೂ ಬರಲಿಲ್ಲ. ನಾಳೆ ಬಿಟ್ಟು ನಾಡಿದ್ದು ಭಾನುವಾರ ತಾವು ಎದ್ದು ನಿಂತು ಎಲ್ಲರೆದುರು ಹೇಳುವುದಾಗಿಯೂ, ಪೆಟ್ಟಿಗೆಯ ಬೀಗದಕೈ ಅವಳ ಕೈಗೇ ಕೊಡುವುದಾಗಿಯೂ ಹಿರಿಯರು ಹೇಳುತ್ತಿದ್ದರು. ನೀವು ಒಂದೇ ಒಂದು ದಿನ ಎದುರಾಡಲಿಲ್ಲ, ಅದೇ ನನ್ನನ್ನ ತಿಂತಾ ಇದೆ, ಎಂದರು. ಸಾಕಾಗಿತ್ತು. ಇನ್ನು ಆ ವಾಕ್ಯವನ್ನು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಬೇಕಿಲ್ಲದ ಒಂದು ಪ್ರಶ್ನೆ ಅವಳ ಬಾಯಿಗೆ ಬಂತು. ಅಸಲು ಚೀಟಿ ನೀವೂ ನೋಡಿಲ್ಲ, ದೊಡ್ಡಮ್ಮನಿಗೆ ಹೇಗೆ ಗೊತ್ತಾಯಿತು, ಎಂದಳು.

"ಚೀಟಿ ಓದೋವಾಗ ಅವಳು ಕಣ್ಣು ಬಿಟ್ಟಿದ್ದಳಂತೆ. ಪಕ್ಕದ ಬೆಂಚಲ್ಲಿ ಕೂರ್ತಿದ್ದಳಲ್ಲ, ಅಲ್ಲಿಂದ ಎಲ್ಲ ಕಾಣುತ್ತೆ. ನೀವೂ ಕಣ್ಣು ಬಿಟ್ಟಿದ್ರಂತೆ. ಚೀಟಿ ನಕಲು ಮಾಡಿದವರು ನೀವೇ ಅಲ್ವಾ, ನೀವು ನೋಡಿದ ಕಡೆ ಅವಳೂ ನೋಡಿದಳಂತೆ. ಅಷ್ಟೇ."

ಅವಳಿಗೆ ಆ ಕ್ಷಣ ನೆನಪಾಗಲಿಲ್ಲ, ಅದು ಹೇಗೆ ಸಾಧ್ಯ ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಯಲ್ಲೇ ನೆನಪಾಯಿತು. ಫ್ಯಾನು ತಿರುಗುತ್ತಿತ್ತು, ಅದರ ಒಂದು ರೆಕ್ಕೆ ಟಕ್ ಟಕ್ ಎನ್ನುತ್ತಿತ್ತು. ಹಿರಿಯರು ಮೂರನೆಯ ಚೀಟಿಯಾಗಿ ಅದನ್ನು ಓದಿದರು. ದೇವರಿದ್ದಾನೆ ಅನ್ನಿಸುತ್ತಿಲ್ಲ ಎಂಬಲ್ಲಿ ಅವರ ದನಿ ಒಂದು ಕ್ಷಣ ತಡೆದು ಮುಂದೆ ಹೋಯಿತು. ಆಗ ಅವಳ ಕಣ್ಣು ತಾನಾಗಿ ತೆರೆದುಕೊಂಡಿತ್ತು. ತಾನಾಗಿ ಎಂಬುದು ಸುಳ್ಳು. ತೆರೆದಳು. ಮರುಕದಿಂದ ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲು ಒಂದು ಗಳಿಗೆ ಪ್ರಯತ್ನವನ್ನೂ ಮಾಡಿದಳು. ಅಸಲಿಗೆ ದೇವರನ್ನು ಕಳೆದುಕೊಂಡವಳ ಮುಖ ಹೇಗಿರುತ್ತದೆಂದು ನೋಡೋಣ ಎನ್ನಿಸಿತ್ತು. ಹಾಡಿನ ಹಲಗೆಯ ಪಕ್ಕ ಎಲ್ಲರಿಗೂ ಎದುರಾಗಿ ಕೂತ ಟೀಚರ ಮುಖವನ್ನು ನೋಡಿದ್ದಳು, ಕದ್ದು ತಿಂದವಳ ಹಾಗೆ ಮತ್ತೆ ಕಣ್ಣು ಮುಚ್ಚಿದ್ದಳು. ಎರಡು ಉಸಿರಿನಷ್ಟು ಹೊತ್ತು ಇರಬಹುದು. ಟೀಚರು ತಲೆ ಬಾಗಿಸಿರಲಿಲ್ಲ. ಅವರ ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ.

ನಾನು ಕಣ್ಣು ಬಿಟ್ಟಿದ್ದು ನಿಜ ಹಿರಿಯರೇ, ಎಂದಳು. ಅದನ್ನು ಒಂದು ಅಪರಾಧ ಒಪ್ಪಿಕೊಳ್ಳುವಂತೆಯೇ ಹೇಳಿದಳು. ಹಿರಿಯರು ಕೈಯಾಡಿಸಿದರು. ಅದರಲ್ಲೇನಿದೆ, ನಿಮ್ಮ ಬಾಯಿಂದ ಹೋಗಿಲ್ಲವಲ್ಲ, ಮನುಷ್ಯರ ಕಣ್ಣು ಎಲ್ಲಿ ಸುಮ್ಮನಿರುತ್ತೆ, ಎಂದರು. ಜೀವಮಾನವಿಡೀ ಉತ್ತರಪತ್ರಿಕೆ ತಿದ್ದಿದವರು, ಈಗ ಅವಳದಕ್ಕೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದರು, ಮತ್ತೆ ನೋಡಲು ತಯಾರಿರಲಿಲ್ಲ. ಕ್ಷಮಿಸಿದೆ ಅಂತ ಒಂದು ಮಾತು ಹೇಳಿ ಸಾಕು, ಎಂದು ತಲೆ ತಗ್ಗಿಸಿದರು. ನೆತ್ತಿಯ ಮೇಲೆ ಕೂದಲು ತೆಳುವಾಗಿ ಚರ್ಮ ಕಾಣುತ್ತಿತ್ತು. ಅವಳು ಎಂದೋ ಎಂಬ ಮಾತನ್ನು ಎತ್ತಿಕೊಳ್ಳಲು ಹೋದಳು, ಅದು ಬರಲಿಲ್ಲ. ಬದಲಾಗಿ, ಟೀಚರ್ ಎಲ್ಲಿದ್ದಾರೆ ಗೊತ್ತಾ, ಎಂದು ಕೇಳಿದಳು. ಹಿರಿಯರು ಜೇಬಿನಿಂದ ವಿಳಾಸವಿದ್ದ ಮಡಚಿದ ಕಾಗದ ತೆಗೆದರು. ಹೆಂಡತಿ ಹೋದ ಮೇಲೆ ಅವರು ಟೀಚರಿಗೆ ಮೂರು ಪತ್ರ ಬರೆದಿದ್ದರಂತೆ, ಒಂದಕ್ಕೂ ಉತ್ತರವಿಲ್ಲ. ಈ ನಾಲ್ಕು ವರ್ಷದಲ್ಲಿ ಅವರನ್ನು ನೋಡಲು ಯಾರಾದರೂ ಹೋಗಿದ್ದರೇ ಎಂದಳು. ಇಲ್ಲ ಎಂದರು. ಆ ಉತ್ತರ ಅವರೊಬ್ಬರದೇ ಆಗಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ತಾನು ಆ ಹೆಂಗಸನ್ನು ನೆನೆದದ್ದೆಲ್ಲ ತನ್ನ ಮೊಕದ್ದಮೆಯ ಒಂದು ಸಾಕ್ಷಿಯಾಗಿ ಮಾತ್ರ. ಅವರು ಹೇಗಿದ್ದಾರೆ, ಯಾರ ಜೊತೆ ಮಾತಾಡುತ್ತಾರೆ, ಅವರ ದೇವರು ಮರಳಿ ಬಂದನೇ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅವಳು ವಿಳಾಸವನ್ನು ಮಾತ್ರೆಯ ಲಕೋಟೆಯೊಂದರ ಮೇಲೆ ಬರೆದುಕೊಂಡಳು. ಮೊದಲು ಭಾನುವಾರ ಆಗಲಿ, ಎಂದು ಹಿರಿಯರು ಎದ್ದರು. ಮಾತ್ರೆಯ ಚೀಲವನ್ನು ಡಬ್ಬದ ಮೇಲೆ ಮರೆತು ಹೋದರು, ಅಥವಾ ಬಿಟ್ಟು ಹೋದರು.

ಸಂಜೆ ಗಂಡ ಸುದ್ದಿ ಕೇಳಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿಗೆ ಕುಟ್ಟಿದ. ಅಂತೂ ತೀರ್ಪಾಯ್ತು ಅನ್ನು, ಎಂದ. ಈ ಭಾನುವಾರ ತಾನೂ ಬರುವುದಾಗಿಯೂ, ಪುಸ್ತಕದ ಅಟ್ಟಿ ಹಿಡಿದುಕೊಳ್ಳುತ್ತಿದ್ದ ಹೆಂಗಸರ ಮುಖ ಏನಾಗುತ್ತದೆಂದು ಮುಂದಿನ ಸಾಲಿನಲ್ಲೇ ಕೂತು ನೋಡುವುದಾಗಿಯೂ ಹೇಳಿದ. ಅವನು ಅಷ್ಟು ಸಂತೋಷಪಟ್ಟದ್ದು ಕಂಡು ಅವಳಿಗೆ, ಇಷ್ಟು ವರ್ಷ ತನ್ನ ಅವಮಾನವನ್ನು ಅವನೂ ಹೊತ್ತು ತಿರುಗಿದ್ದಾನೆ ಎಂಬುದು ಈಗ ತಿಳಿಯಿತು. ಆಮೇಲೆ ಅವಳು ಕಣ್ಣಿನ ವಿಷಯ ಹೇಳಿದಳು. ಅವನು ಸ್ವಲ್ಪ ಹೊತ್ತು ಸ್ಕ್ರೂಡ್ರೈವರಿನ ಹಿಡಿಯನ್ನು ಉಜ್ಜುತ್ತ ಕೂತ.

"ಅಂದ್ರೆ ನಿನ್ನ ದೇವರು ದೊಡ್ಡಮ್ಮನನ್ನೂ ನಿನ್ನನ್ನೂ ಒಂದೇ ಕಟಕಟೇಲಿ ನಿಲ್ಲಿಸಿದ."

ತಮಾಷೆಗೆ ಹೇಳಲು ಹೊರಟದ್ದು ತಮಾಷೆಯಾಗಿ ಬರಲಿಲ್ಲ. ಅವನೇ ಎದ್ದು ಟೀ ಮಾಡಿದ. ಭಾನುವಾರ ಎಷ್ಟು ಗಂಟೆಗೆ ಹೊರಡೋದು ಎಂದು ಕೇಳಿದ. ನಾನು ಬೇರೆ ಕಡೆ ಹೋಗಬೇಕು ಎಂದಳು. ಲಕೋಟೆಯ ಮೇಲಿನ ವಿಳಾಸ ನೋಡಿ, ಅಲ್ಲಿಗೆ ಬೆಳಗಿನ ಏಳೂವರೆ ಬಸ್ಸು ಬಿಟ್ಟರೆ ಇಲ್ಲ, ಎಂದು ಮಾತ್ರ ಹೇಳಿದ.

ಬಸ್ಸಿನಲ್ಲಿ ಮೂರು ಗಂಟೆ. ಕಿಟಕಿಯ ಗಾಜು ಸರಿಸಲು ಬರದೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಗಾಳಿಯೆಲ್ಲ ಒಂದು ಕಿವಿಗೇ ಬಡಿಯುತ್ತಿತ್ತು. ಅವಳು ಪ್ರಾರ್ಥಿಸಲು ನೋಡಿದಳು, ನಿನ್ನೆಯೂ ನೋಡಿದ್ದಳು. ಎಲ್ಲ ನಿನ್ನ ಕೈಯಲ್ಲಿದೆ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಆ ಮಾತನ್ನು ಸಾವಿರ ಸಲ ಆಡಿದ್ದಳು, ಆಡುವಾಗಲೆಲ್ಲ ತನ್ನನ್ನು ದೂರವಿಟ್ಟವರು ಅವನ ಕೈಯಲ್ಲಿದ್ದಾರೆ, ತಪ್ಪಿಸಿಕೊಳ್ಳಲಾರರು, ಎಂದೇ ಅರ್ಥ. ತಾನೂ ಅದೇ ಕೈಯಲ್ಲಿದ್ದೇನೆ ಎಂಬುದಕ್ಕೆ ಅವಳ ಮನಸ್ಸಿನಲ್ಲಿ ಜಾಗವೇ ಇರಲಿಲ್ಲ. ಅವನು ನೋಡುತ್ತಿದ್ದಾನೆ ಎಂದು ಎಷ್ಟು ಸಮಾಧಾನವಾಗಿ ಹೇಳಿಕೊಂಡಿದ್ದಳು. ಫ್ಯಾನಿನ ಕೆಳಗೆ ಎರಡು ಉಸಿರಿನಷ್ಟು ಹೊತ್ತು ತೆರೆದಿದ್ದ ಆ ಕಣ್ಣನ್ನೂ ಅವನು ನೋಡಿರಬೇಕು. ನೋಡಿಯೂ ನಾಲ್ಕು ವರ್ಷ ಅವಳ ನೆಟ್ಟನೆ ಬೆನ್ನನ್ನು, ಅವಳ ಗತ್ತನ್ನು, ಮಾತ್ರೆ ಅಳೆಯುವ ಅವಳ ಕೈಯನ್ನು ಸಹಿಸಿಕೊಂಡಿದ್ದ. ದೊಡ್ಡಮ್ಮನನ್ನು ಸಹಿಸಿಕೊಂಡ ಹಾಗೆಯೇ. ನ್ಯಾಯ ಅವನದೇ ಆಗಿದ್ದರೆ ಅದು ಹೀಗೇ ಇರಬೇಕೇನೋ ಎಂದುಕೊಂಡಳು. ಅವನನ್ನು ನಂಬುವುದು ಈ ಬಸ್ಸಿನಲ್ಲಿ ಮೊದಲಿಗಿಂತ ಕಷ್ಟವಾಗಿತ್ತು, ಬಿಡುವುದೂ ಆಗುತ್ತಿರಲಿಲ್ಲ. ಟೀಚರಿಗೆ ಏನು ಹೇಳಬೇಕೆಂದು ಹೊಸದೊಂದು ವಾಕ್ಯ ಕಟ್ಟಲು ಹೊರಟು, ಅದರಲ್ಲೂ ಒಂದು ಒಳ್ಳೆಯ ಪದಕ್ಕಾಗಿ ಹುಡುಕುತ್ತಿದ್ದೇನೆ ಎಂದು ಗೊತ್ತಾಗಿ ನಾಚಿಕೆಯಿಂದ ಬಿಟ್ಟುಬಿಟ್ಟಳು.

ಟೀಚರ ಮನೆ ಟೈರ್ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೊಂದು ಕರಿಹಲಗೆ, ಅದರ ಮೇಲೆ ಅದೇ ದುಂಡು ಅಕ್ಷರದಲ್ಲಿ ಮಗ್ಗಿ. ಮನೆಪಾಠ ಹೇಳುತ್ತಾರೆಂದು ತಿಳಿಯಿತು. ಟೀಚರ್ ಬಟ್ಟೆ ಮಡಚುತ್ತಿದ್ದರು. ಕೂದಲು ನರೆತಿತ್ತು, ಕನ್ನಡಕ ಬಂದಿತ್ತು. ಹೊಸ್ತಿಲಲ್ಲಿ ನಿಂತವಳನ್ನು ನೋಡಿ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಬನ್ನಿ ಮಾತ್ರೆಯಕ್ಕ, ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದರು. ಆ ಹೆಸರಿನಿಂದ ಅವಳನ್ನು ಯಾರೂ ಕರೆಯದೆ ಎಷ್ಟೋ ಕಾಲವಾಗಿತ್ತು.

ಕುರ್ಚಿಯ ತುದಿಯಲ್ಲಿ ಕೂತು ಅವಳು ಎಲ್ಲವನ್ನೂ ಹೇಳಿದಳು. ಕಟ್ಟಿಕೊಂಡು ಬಂದದ್ದು ಏನೂ ಇರಲಿಲ್ಲವಾದ್ದರಿಂದ ಅಡ್ಡಾದಿಡ್ಡಿಯಾಗಿ ಹೇಳಿದಳು, ದೊಡ್ಡಮ್ಮ ತೀರಿಕೊಂಡದ್ದು, ಹಿರಿಯರು ಟೋಕನ್ ಹಿಡಿದು ಬಂದದ್ದು, ತಾನು ಕಣ್ಣು ಬಿಟ್ಟದ್ದು. ಯಾಕೆ ಬಿಟ್ಟೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಟೀಚರ್ ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಚಿದರು.

"ನನಗೆ ಗೊತ್ತಿತ್ತು," ಎಂದರು. "ನಾನೂ ಕಣ್ಣು ಬಿಟ್ಟಿದ್ದೆ."

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಟೀಚರ್ ಕಾದರು.

"ಎಲ್ಲರೂ ಎಡಗೈಲಿ ಬರೀತಾರೆ ಅಂತ ನೀವೇ ನಗ್ತಿದ್ರಲ್ಲ. ನಾನೂ ಹಾಗೆ ಬರೀಬಹುದಿತ್ತು. ನೀವು ಗುರುತು ಹಿಡೀಲಿ ಅಂತಲೇ ನನ್ನ ಅಕ್ಷರದಲ್ಲಿ ಬರೆದೆ. ಬೇರೆ ಯಾರಿಗೆ ಹೇಳೋದು ಅಂತ ತಿಳೀಲಿಲ್ಲ. ನೀವು ಕಣ್ಣು ಬಿಟ್ಟು ನೋಡಿದಾಗ, ಸದ್ಯ, ಗೊತ್ತಾಯ್ತು ಇವರಿಗೆ ಅಂದ್ಕೊಂಡೆ. ಆ ವಾರವೆಲ್ಲ ಸಂಜೆ ಬಾಗಿಲು ಹಾಕಿರಲಿಲ್ಲ."

ಅವಳಿಗೆ ಆ ವಾರ ನೆನಪಿತ್ತು. ಚೀಟಿಯ ವಿಷಯ ತನಗೆ ಗೊತ್ತಿದೆ ಎಂದು ಟೀಚರಿಗೆ ತಿಳಿಯಬಾರದೆಂದು, ಎದುರಾದರೆ ಕಣ್ಣು ತಪ್ಪಿಸಬೇಕಾಗುತ್ತದೆಂದು, ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವರ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗಿದ್ದಳು. ಓದಿ ಮರೆಯಬೇಕು ಎಂಬ ನಿಯಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆ ಎಂದು ಆಗ ಹೆಮ್ಮೆಯೂ ಪಟ್ಟಿದ್ದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗುತ್ತಿತ್ತು. ಹಿರಿಯರು ಈಗ ಎದ್ದು ನಿಂತಿರಬೇಕು, ಅವಳ ಹೆಸರು ಹೇಳುತ್ತಿರಬೇಕು, ಎಲ್ಲರೂ ಕಂಬದ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ನೋಡುತ್ತಿರಬೇಕು. ನಾಲ್ಕು ವರ್ಷ ಬೇಡಿದ್ದ ಗಳಿಗೆ ಅಲ್ಲಿ ಅವಳಿಲ್ಲದೆ ಆಗುತ್ತಿತ್ತು. ಇಲ್ಲಿ ಅವಳಿಗೆ ಅಳು ಬಂತು, ಟೀಚರ್ ತಡೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡು, ಆಗ ಹೇಳಬೇಕು ಅಂದ್ಕೊಂಡದ್ದನ್ನ ಈಗ ಹೇಳಿ ಟೀಚರ್, ಕೇಳ್ತೀನಿ, ಎಂದಳು. ಟೀಚರ್ ಕನ್ನಡಕ ತೆಗೆದು ನಿಜವಾಗಿಯೇ ಯೋಚಿಸಿದರು. ಹಲಗೆಯ ಮೇಲಿನ ಮಗ್ಗಿಯನ್ನು ನೋಡಿದರು, ಕಿಟಕಿಯ ಹೊರಗೆ ನೋಡಿದರು.

"ಬಹಳ ಇತ್ತು," ಎಂದರು. "ಏನು ಅಂತ ಈಗ ನೆನಪಿಲ್ಲ, ಮಾತ್ರೆಯಕ್ಕ."

ಅದನ್ನು ಅವರು ಕೋಪದಿಂದ ಹೇಳಲಿಲ್ಲ. ಟವೆಲನ್ನು ಅಟ್ಟಿಯ ಮೇಲಿಟ್ಟು, ವಾಪಸು ಬಸ್ಸು ಎರಡು ಗಂಟೆಗೆ, ಅಲ್ಲಿವರೆಗೆ ಕೂತಿರಿ, ಎಂದು ಒಲೆ ಹಚ್ಚಲು ಒಳಗೆ ಹೋದರು. ಅವಳು ಕುರ್ಚಿಯಿಂದೆದ್ದು ಉಳಿದ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು.